ಗೇರುಬೀಜದ ಕಡಲದಾರಿ: ಮೊಜಾಂಬಿಕ್, ಮಂಗಳೂರು, ಕಾಸರಗೋಡು

ಗೇರುಮರದ ತವರು ಬ್ರೆಜಿಲ್‌ನ ಈಶಾನ್ಯ ಭಾಗ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಗೋವೆಗೂ ಮೊಜಾಂಬಿಕ್‌ಗೂ ತಂದರು. ತೂಪಿ ಭಾಷೆಯ ‘ಅಕಾಜು’ ಪೋರ್ಚುಗೀಸಿನಲ್ಲಿ ‘ಕಾಜು’ವಾಗಿ ಕೊಂಕಣಿಗೆ ಬಂದಿತು. ಮಲಯಾಳದ ‘ಪರಂಗಿಮಾವು’ ತಂದವರ ನೆನಪನ್ನು ಉಳಿಸಿಕೊಂಡಿತು. ಕನ್ನಡವಾದರೋ ಇಲ್ಲಿಯ ಕಾಡುಮರವೊಂದಕ್ಕೆ ಮೊದಲೇ ಇದ್ದ ‘ಗೇರು’ ಎಂಬ ಹೆಸರನ್ನು ಹೊಸ ಮರಕ್ಕೂ ಕೊಟ್ಟು ಅದನ್ನು ತನ್ನದಾಗಿಸಿಕೊಂಡಿತು.

1930ರ ದಶಕದ ಹೊತ್ತಿಗೆ ಪೂರ್ವ ಆಫ್ರಿಕದ ಕಚ್ಚಾ ಬೀಜ ಭಾರತದ ಪಶ್ಚಿಮ ಕರಾವಳಿಗೆ ಬರತೊಡಗಿತ್ತು. ಇದಕ್ಕೆ ಎರಡು ಕಾರಣಗಳಿದ್ದವು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ. ತಿರುಳು ಮುರಿಯದಂತೆ ಅದನ್ನು ಒಡೆಯುವ ಕೈಕೆಲಸವನ್ನು ಕೊಲ್ಲಂ, ಮಂಗಳೂರುಗಳ ಕಾರ್ಖಾನೆಗಳಲ್ಲಿ ಹೆಂಗಸರು ಅಲ್ಪ ಕೂಲಿಗೆ ಮಾಡುತ್ತಿದ್ದರು. ಎರಡನೆಯದಾಗಿ, ಆಫ್ರಿಕದ ಕೊಯ್ಲು ಅಕ್ಟೋಬರಿನಿಂದ ಜನವರಿಯವರೆಗೆ; ಇಲ್ಲಿನದು ಅದು ಮುಗಿದ ಬಳಿಕ. ಹೀಗಾಗಿ ಇಲ್ಲಿಯ ಬೆಳೆ ತೀರಿದಾಗಲೂ ಕಾರ್ಖಾನೆಗಳಿಗೆ ಕೆಲಸವಿರುತ್ತಿತ್ತು.

ಸ್ವಾತಂತ್ರ್ಯ ಪಡೆದ ಆಫ್ರಿಕದ ರಾಷ್ಟ್ರಗಳು ಈ ಲಾಭ ತಮ್ಮಲ್ಲೇ ಉಳಿಯಬೇಕೆಂದು ಬಯಸಿದ್ದು ಸಹಜವೇ ಆಗಿತ್ತು. ತಾಂಜಾನಿಯಾ ಕಾರ್ಖಾನೆಗಳನ್ನು ಕಟ್ಟಿತು. ಮೊಜಾಂಬಿಕ್ ಕಚ್ಚಾ ಬೀಜದ ರಫ್ತನ್ನು ನಿಷೇಧಿಸಿತು. ಆದರೆ ಉಜಾಮಾ ನೀತಿಯಡಿ ತಾಂಜಾನಿಯಾದ ರೈತರನ್ನು ಹೊಸ ಹಳ್ಳಿಗಳಿಗೆ ಸಾಗಿಸಿದಾಗ ಮರಗಳು ದೂರವಾದವು. ಮೊಜಾಂಬಿಕ್‌ನ ಇಳುವರಿಯನ್ನು ಅಂತರ್ಯುದ್ಧ ಕುಗ್ಗಿಸಿತು. ಆಮದನ್ನು ನಿರ್ವಹಿಸಲು ಭಾರತ 1970ರಲ್ಲಿ ಗೇರು ನಿಗಮವನ್ನು ಸ್ಥಾಪಿಸಿದ್ದರೂ ಬರುವ ಬೀಜವೇ ಕಡಿಮೆಯಾಯಿತು. ಸ್ವದೇಶೀ ತೋಟಗಳ ಮಹತ್ವ ಹೆಚ್ಚಿತು.

ಕಾಸರಗೋಡಿನ ಇತಿಹಾಸವನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ಓದುವುದು ಕಷ್ಟ. ಕೇರಳದ ಸರಕಾರಿ ತೋಟಗಾರಿಕಾ ನಿಗಮದ ಗೇರುತೋಟಗಳು ಅಲ್ಲಿ ಮೊದಲೇ ಇದ್ದವು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಟೀ ಸೊಳ್ಳೆಯ ಹತೋಟಿಗೆಂದು ಅವುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯಂತಹ ಕನ್ನಡ–ತುಳು ಗ್ರಾಮಗಳು ಅದರ ಬೆಲೆ ತೆತ್ತವು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2017ರಲ್ಲಿ.

ಅತ್ತ 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಾಯಕ್ಕೆ ಮಣಿದು ಮೊಜಾಂಬಿಕ್ ರಫ್ತು ಸುಂಕವನ್ನು ಇಳಿಸಿತು. ಕಚ್ಚಾ ಬೀಜ ಮತ್ತೆ ಭಾರತದತ್ತ ಹರಿಯಿತು. ಅಲ್ಲಿಯ ಕಾರ್ಖಾನೆಗಳು ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಇದನ್ನು ಪರಿಶೀಲಿಸಿದ ಮ್ಯಾಕ್‌ಮಿಲನ್, ರೋಡ್ರಿಕ್ ಮತ್ತು ವೆಲ್ಚ್ ಅವರ ಲೆಕ್ಕದಂತೆ, ಗೇರು ಬೆಳೆಯುವ ಸರಾಸರಿ ಕುಟುಂಬಕ್ಕೆ ದಕ್ಕಿದ ನೇರ ಲಾಭ ವರ್ಷಕ್ಕೆ 5.30 ಡಾಲರನ್ನು ಮೀರಲಿಲ್ಲ. 1999ರಲ್ಲಿ ಮೊಜಾಂಬಿಕ್‌ನ ಸಂಸತ್ತು ಸುಂಕವನ್ನು ಮತ್ತೆ ಶೇಕಡಾ 18–22ರ ಮಟ್ಟಕ್ಕೆ ಏರಿಸಿತು.

ದೂರದ ಎರಡು ಬಡ ರಾಷ್ಟ್ರಗಳ ವ್ಯಾಪಾರವನ್ನು ಪರಸ್ಪರ ಸಹಕಾರವೆಂದು ಬಣ್ಣಿಸುವುದು ವಾಡಿಕೆ. ಗೇರಿನ ಚರಿತ್ರೆಯಲ್ಲಿ ಸಹಕಾರಕ್ಕಿಂತ ಪೈಪೋಟಿಯೇ ಎದ್ದು ಕಾಣುತ್ತದೆ. ಅದೂ ಒಬ್ಬರನ್ನೊಬ್ಬರು ಕಾಣದ ದುಡಿಮೆಗಾರರ ನಡುವೆ. ಮಂಗಳೂರಿನ ಹೆಂಗಸಿಗೆ ಕೆಲಸ ಕೊಟ್ಟ ಅದೇ ಬೀಜ ನಂಪುಲಾದ ಕೆಲಸಗಾರರಿಂದ ಅದನ್ನು ಕಿತ್ತುಕೊಂಡಿತು. ಆಮದಿನ ಅಂಕಿಅಂಶಗಳಲ್ಲಿ ಇವರಿಬ್ಬರೂ ಇಲ್ಲ, ಎಣ್ಮಕಜೆಯೂ ಇಲ್ಲ. ಗಡಿನಾಡಿನ ಚರಿತ್ರೆಯನ್ನು ಕೇವಲ ಭಾಷಾವಾರು ಪ್ರಾಂತಗಳ ಚರಿತ್ರೆಯಾಗಿ ಬರೆಯುವವರೆಗೆ ಈ ಕಡಲದಾರಿ ಅದರ ಹೊರಗೇ ಉಳಿಯುತ್ತದೆ.