ಬಣ್ಣದ ಅಂಕಿ, ವಸ್ತುವಿನ ಹೆಸರು: ಗಣಕ ವಿನ್ಯಾಸದಲ್ಲಿ ಅರ್ಥ ವರ್ಗಾವಣೆಯ ಚರಿತ್ರೆ

ಪಠ್ಯವೊಂದು ಬಾಯಿಂದ ಬಾಯಿಗೆ ದಾಟುವಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದು ಜಾನಪದ ಅಧ್ಯಯನದ ಮೂಲಭೂತ ಪ್ರಶ್ನೆ. ಕರಕುಶಲ ವಸ್ತುಗಳನ್ನು ಮೂರು ಆಯಾಮದ ಗಣಕ ಮಾದರಿಗಳಾಗಿಯೂ ದಾಖಲಿಸಬಹುದಾದ ಇಂದು, ವಿನ್ಯಾಸದ ಕ್ಯಾಡ್ ತಂತ್ರಾಂಶದಿಂದ ಚಿತ್ರಣದ ರೆಂಡರಿಂಗ್ ತಂತ್ರಾಂಶಕ್ಕೆ ದಾಟುವ ಬಣ್ಣ ಹಾಗೂ ವಸ್ತುಗುಣಗಳ ಬಗೆಗೂ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ.

1982ರಲ್ಲಿ ಬಂದ ಆಟೋಕ್ಯಾಡ್‌ನ ಪರಂಪರೆಯಲ್ಲಿ ಬಣ್ಣವೆಂದರೆ ಒಂದು ಅಂಕಿ. 1 ಕೆಂಪು, 2 ಹಳದಿ, 3 ಹಸಿರು. 7 ಮಾತ್ರ ಕಪ್ಪು ಹಿನ್ನೆಲೆಯಲ್ಲಿ ಬಿಳಿಯಾಗಿ, ಬಿಳಿ ಹಿನ್ನೆಲೆಯಲ್ಲಿ ಕಪ್ಪಾಗಿ ಕಾಣುತ್ತದೆ. ಪ್ಲಾಟರ್ ಯಂತ್ರದಲ್ಲಿ ನಕ್ಷೆ ತೆಗೆಯುವಾಗ ಯಾವ ಲೇಖನಿ, ಎಷ್ಟು ದಪ್ಪದ ಗೆರೆ ಎಂಬುದನ್ನು ಈ ಅಂಕಿಯ ಮೂಲಕವೇ ಗೊತ್ತುಪಡಿಸುತ್ತಿದ್ದರು. ಹೀಗಾಗಿ ಕೆಂಪು ಗೆರೆಯೆಂದರೆ ಕೆಂಪು ಗೋಡೆಯೆಂದು ಅರ್ಥವಲ್ಲ. ರೆಂಡರಿಂಗ್‌ಗೆ ಬೇಕಾದುದಾದರೋ ಮೇಲ್ಮೈಗೆ ತಾಗಿದ ಬೆಳಕು ಮರಳುವ ಬಗೆ. ಈ ಎರಡರ ನಡುವೆ ಹೊಂದಾಣಿಕೆಯ ಪಟ್ಟಿಯೊಂದು ಅನಿವಾರ್ಯವಾಯಿತು.

ವಿನಿಮಯಕ್ಕಾಗಿ ಹುಟ್ಟಿದ ಕಡತ ರೂಪಗಳು ಈ ಅಂತರವನ್ನು ಬೇರೆ ಬೇರೆ ರೀತಿಯಲ್ಲಿ ಎದುರಿಸಿದವು. 1987ರ ಎಸ್‌ಟಿಎಲ್ ಆಕಾರವನ್ನು ತ್ರಿಕೋನಗಳಾಗಿ ಒಯ್ದಿತೇ ಹೊರತು ಅದರ ಮೂಲರೂಪದಲ್ಲಿ ಬಣ್ಣಕ್ಕೆ ಎಡೆಯಿರಲಿಲ್ಲ. ವೇವ್‌ಫ್ರಂಟ್ ಸಂಸ್ಥೆಯ ಓಬಿಜೆ ಕಡತವು ವಸ್ತುವಿನ ಹೆಸರನ್ನಷ್ಟೇ ಹೊತ್ತಿತು. ಅದರ ಬಣ್ಣ, ಹೊಳಪುಗಳ ವಿವರ ಎಂಟಿಎಲ್ ಎಂಬ ಪ್ರತ್ಯೇಕ ಕಡತದಲ್ಲಿತ್ತು. ಆ ಕಡತ ಕಳೆದರೆ ಉಳಿಯುವುದು ಅರ್ಥ ಮರೆತ ಒಂದು ಪದ ಮಾತ್ರ.

2012ರಲ್ಲಿ ಡಿಸ್ನಿಯ ತಂತ್ರಜ್ಞರು ಪ್ರಕಟಿಸಿದ ಮಾದರಿ ಹೊಸ ತಿರುವು ನೀಡಿತು. 2017ರ ಜಿಎಲ್‌ಟಿಎಫ್ 2.0 ಮೂಲವರ್ಣ, ಲೋಹಗುಣ, ಒರಟುತನಗಳನ್ನು ಆಕಾರದೊಡನೆ ಒಂದೇ ವ್ಯವಸ್ಥೆಯಲ್ಲಿ ಸೇರಿಸಿತು. ಆದರೂ ಹಳೆಯ ಅಂಕಿಗೆ ಯಾವ ಒರಟುತನ ಸಲ್ಲಬೇಕೆಂಬುದನ್ನು ಯಂತ್ರ ತಾನಾಗಿ ಅರಿಯದು, ಬಲ್ಲವರೇ ಹೇಳಬೇಕು.

ಚನ್ನಪಟ್ಟಣದ ಗೊಂಬೆಯ ಕೆಂಪು ಅರಗೂ ಕುಂಬಾರನ ಮಡಕೆಯ ಕೆಂಪು ಮಣ್ಣೂ ಅಂಕಿಯ ಲೆಕ್ಕದಲ್ಲಿ ಒಂದೇ ಆಗಿಬಿಡಬಹುದು. ಒಂದು ಬೆಳಕನ್ನು ಮಿರುಗಿಸುತ್ತದೆ, ಇನ್ನೊಂದು ಚದುರಿಸುತ್ತದೆ. ಆ ಭೇದವನ್ನು ಬಲ್ಲವನು ಕುಶಲಕರ್ಮಿ. ಆದುದರಿಂದ ಮಾದರಿಯ ಜೊತೆಗೆ ಹೊಂದಾಣಿಕೆಯ ಪಟ್ಟಿಯನ್ನೂ, ಕುಶಲಕರ್ಮಿ ಬಳಸುವ ಬಣ್ಣ ಮತ್ತು ವಸ್ತುಗಳ ಹೆಸರುಗಳನ್ನೂ ಕಾಪಿಡುವುದು ದಾಖಲೀಕರಣದ ಅಂಗವೇ ಆಗಬೇಕು. ಇಲ್ಲವಾದರೆ ಮುಂದಿನವರಿಗೆ ಆಕಾರ ದೊರೆತೀತು. ಅರಗು ಯಾವುದು, ಮಣ್ಣು ಯಾವುದು ಎಂಬುದು ತಿಳಿಯದು.