ಗಾಡಿ ನಮ್ಮದು, ಸ್ಟೇರಿಂಗ್ ಯಾರದು?



ಕಳೆದ ಭಾನುವಾರ ಶ್ರೀನಗರದ ನಮ್ಮ ಮನೆಗೆ ಪಕ್ಕದ ಬೀದಿಯ ಹುಡುಗ ಸಾಲದ ಅರ್ಜಿ ಹಿಡ್ಕೊಂಡು ಬಂದ. ನಾನು ಗುಮಾಸ್ತ ಅಲ್ವಾ, ಏರಿಯಾದ ಅರ್ಜಿಗಳೆಲ್ಲ ನನ್ನ ಹತ್ರಾನೇ ಬರ್ತವೆ. ಅವನಿಗೊಂದು ಗೂಡ್ಸ್ ಗಾಡಿ ಬೇಕು. "ಕಲಾಸಿಪಾಳ್ಯದಲ್ಲಿ ಲೋಡ್ ನಾನು ಹುಡುಕ್ತೀನಿ, ಓಡಿಸೋಕೆ ಡ್ರೈವರ್ ಇಟ್ಕೋತೀನಿ" ಅಂದ. ಆಮೇಲೆ ದನಿ ತಗ್ಗಿಸಿ, "ಅಣ್ಣಾ, ಓನರ್ ನಮ್ಮೋರು ಅಂತ ಗೊತ್ತಾದ್ರೆ ಡ್ರೈವರ್ ನಿಲ್ತಾನಾ?" ಅಂತ ಕೇಳಿದ.

ಈ ಪ್ರಶ್ನೆಗೆ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

1901ರಲ್ಲಿ ಬಾಲಕ ಭೀಮರಾವ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಬರಲಿಲ್ಲ. ಕೊನೆಗೊಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಷರತ್ತು ಏನಂದ್ರೆ, ಮಕ್ಕಳೇ ಎತ್ತು ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ. 1929ರಲ್ಲಿ ಅದೇ ಭೀಮರಾವ್ ಬ್ಯಾರಿಸ್ಟರ್. ಚಾಳೀಸಗಾಂವ್‌ನಲ್ಲಿ ಟಾಂಗಾ ಬಾಡಿಗೆಗೆ ಸಿಕ್ಕಿತು, ಓಡಿಸೋನು ಸಿಗಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹಗ್ಗ ಹಿಡಿದ. ಸೇತುವೆ ಮೇಲೆ ಗಾಡಿ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನೆಲ್ಲ ಅವರೇ ಬರೆದಿದ್ದಾರೆ.

ನಮ್ಮ ರಾಜ್ಯದಲ್ಲಿ ಲಾರಿ ಅಂದ್ರೆ ಎಲ್ಲರೂ ಹೇಳೋದು ವಿಜಯ ಸಂಕೇಶ್ವರರ ಕತೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿ, ಇವತ್ತು ವಿಆರ್‌ಎಲ್. 2022ರಲ್ಲಿ ಸಿನಿಮಾನೂ ಆಯ್ತು. ಅವರ ದುಡಿಮೆಯನ್ನ ನಾನು ಅಲ್ಲಗಳೆಯಲ್ಲ. ಆದರೆ ಅವರ ಮನೆಯಲ್ಲಿ ಮೊದಲೇ ಮುದ್ರಣ, ಪ್ರಕಾಶನದ ವ್ಯಾಪಾರ ಇತ್ತು. ವ್ಯಾಪಾರ ಗೊತ್ತಿರೋ ಮನೆ, ನಂಬೋ ಪೇಟೆ, ಇವೂ ಬಂಡವಾಳವೇ. ನಮಗೆ ಆ ಬಂಡವಾಳ ಎಲ್ಲಿತ್ತು? ಸರ್ಕಾರ ಪರಿಶಿಷ್ಟರಿಗೆ ನಿಗಮ ಮಾಡಿದ್ದೇ 1975ರಲ್ಲಿ. ಈಗ ಅದು ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮ. ಸಬ್ಸಿಡಿ ಗಾಡಿ ಕೊಡಿಸಬಹುದು, ಲೋಡ್ ಕೊಡಿಸಲ್ಲ. ಲೋಡ್ ಬರೋದು ಪರಿಚಯದಿಂದ, ಪರಿಚಯ ಬರೋದು ಜಾತಿಯಿಂದ.

ನಮ್ಮ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ಹಳೇ 407 ತಗೊಂಡಿದ್ರು. ಡ್ರೈವರ್ ಮೂರು ತಿಂಗಳು "ಅಣ್ಣಾ, ಅಣ್ಣಾ" ಅಂತಿದ್ದ. ಆಯುಧ ಪೂಜೆಗೆ ಮನೆಗೆ ಬಂದವನು ಗೋಡೆ ಮೇಲಿದ್ದ ಬಾಬಾಸಾಹೇಬರ ಫೋಟೋ ನೋಡಿದ. ಚಿಕ್ಕಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ. ಮಾರನೇ ದಿನ ಕೀನ ಟೀ ಅಂಗಡೀಲಿ ಕೊಟ್ಟು ಹೋದ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ಆಮೇಲೆ ಬಂದ ಡ್ರೈವರ್ ನಮ್ಮೋನೇ. ರಾತ್ರಿಯೆಲ್ಲ ಹೊಸೂರು ರೋಡಲ್ಲಿ ಓಡಿಸ್ತಿದ್ದ. ಬ್ಯಾಂಕಿನ ಕಂತು ಕಟ್ಟೋಕಾಗ್ದೆ ಚಿಕ್ಕಪ್ಪ ಅವನ ಬಾಟಾ ಹಿಡ್ಕೊಂಡ್ರು. "ನಮ್ಮೋನು ತಾನೇ, ತಡ್ಕೋತಾನೆ" ಅಂದ್ರು. ಅವನೂ ಒಂದಿನ ಹೋದ. ಗಾಡಿ ಮಾರಿಬಿಟ್ವಿ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಹೇಳಿತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆಗೆ ಮಾತ್ರ. ಒಂದೇ ಲಾರಿಯ ಒಬ್ಬನೇ ಡ್ರೈವರ್ ಆ ಲೆಕ್ಕಕ್ಕೇ ಬರಲಿಲ್ಲ. ಊರಾಚೆಯ ಕೇರಿ ಥರಾನೇ, ಕಾಯ್ದೆಯಾಚೆಯ ಮನುಷ್ಯ. ಅವನನ್ನ ಅಲ್ಲಿ ಬಿಟ್ಟವರಲ್ಲಿ ನಾವೂ ಇದ್ವಿ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಫೋಟೋ ನೋಡಿ ಹೋಗೋನು ಹೋಗ್ಲಿ, ಫೋಟೋ ಮಾತ್ರ ಇಳಿಸಬೇಡ. ಆದ್ರೆ ಬಾಟಾ ಸಿಗ್ದೆ ಯಾರೂ ಹೋಗಬಾರ್ದು" ಅಂದೆ. ಅರ್ಜಿ ತುಂಬಿದ ಮೇಲೆ ಇನ್ನೊಂದು ಬಿಳಿ ಹಾಳೆ ತಗೊಂಡು ಇಬ್ಬರೂ ಕೂತು ಬರೆದ್ವಿ: ಡ್ರೈವರ್ ಸಂಬಳ, ಬಾಟಾ, ವಾರದ ರಜೆ, ಇನ್ಶೂರೆನ್ಸ್. ಗಾಡಿ ಇನ್ನೂ ಬಂದಿಲ್ಲ, ಹಾಳೆ ರೆಡಿ ಇದೆ.

ಜೈ ಭೀಮ್.