ಪರದೆಗೆ ಎಷ್ಟು ದೂರ?

ಪ್ರೊಜೆಕ್ಟರ್ ಮಾರುವ ಅಂಗಡಿಯಲ್ಲಿ ‘ಇದರಿಂದ ಚಿತ್ರ ಎಷ್ಟು ದೊಡ್ಡದಾಗಿ ಬೀಳುತ್ತದೆ?’ ಎಂದು ಕೇಳಿದರೆ ಉತ್ತರವಾಗಿ ದೊರೆಯುವುದು ಒಂದು ಮರುಪ್ರಶ್ನೆ: ‘ನೀವು ಎಷ್ಟು ದೂರದಲ್ಲಿ ಇಡುತ್ತೀರಿ?’ ಟೆಲಿವಿಷನ್ನಿಗಾಗಲಿ ಪುಸ್ತಕಕ್ಕಾಗಲಿ ಈ ತೊಡಕಿಲ್ಲ. ಅವುಗಳ ಅಳತೆ ಅವುಗಳಲ್ಲಿಯೇ ಇದೆ. ಪ್ರೊಜೆಕ್ಟರಿನ ಚಿತ್ರಕ್ಕೆ ಮಾತ್ರ ಸ್ವಂತ ಗಾತ್ರವೆಂಬುದಿಲ್ಲ. ಮಸೂರದಿಂದ ಹೊರಟ ಬೆಳಕು ಹೋದಹೋದಂತೆ ಹರಡಿಕೊಳ್ಳುತ್ತದೆ. ಪರದೆ ಅದನ್ನು ಎಲ್ಲಿ ತಡೆಯುತ್ತದೆಯೋ ಅಲ್ಲಿಯ ಅಗಲವೇ ಚಿತ್ರದ ಅಗಲ. ದೂರವನ್ನು ಎರಡು ಪಟ್ಟು ಮಾಡಿದರೆ ಅಗಲ ಎರಡು ಪಟ್ಟಾಗುತ್ತದೆ, ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಅದೇ ದೀಪದ ಬೆಳಕು ನಾಲ್ಕು ಪಾಲಾಗಿ ಹಂಚಿಹೋಗಿ ಚಿತ್ರ ಮಂಕಾಗುತ್ತದೆ. ಜೊತೆಗೆ ಮಸೂರವನ್ನು ಮತ್ತೆ ಹೊಂದಿಸದಿದ್ದರೆ ಚಿತ್ರ ಕಲಸಿಹೋಗುತ್ತದೆ. ಗಾತ್ರ, ಸ್ಪಷ್ಟತೆ, ಪ್ರಕಾಶ ಎಂಬ ಈ ಮೂರು ಒಂದೇ ಗಂಟಿನಲ್ಲಿ ಬಿಗಿದುಕೊಂಡಿವೆ. ಮೂರೂವರೆ ಶತಮಾನಗಳಿಂದ ಈ ಗಂಟನ್ನು ಯಾರು ಹೇಗೆ ಬಿಡಿಸಿದರು ಎಂಬುದನ್ನು ತಿಳಿಯುವುದು ಬಾಡಿಗೆಯ ಸಭಾಂಗಣಗಳಲ್ಲಿ ಕೂಟ ನಡೆಸುವ ನಮ್ಮಂಥವರಿಗೆ ಬರಿಯ ಕುತೂಹಲದ ವಿಷಯವಲ್ಲವೆಂದು ನಮ್ಮ ಭಾವನೆ.

ಕತೆ ಆರಂಭವಾಗುವುದು ಹಾಲೆಂಡಿನಲ್ಲಿ. ಶನಿಗ್ರಹದ ಉಂಗುರದ ಸ್ವರೂಪವನ್ನು ವಿವರಿಸಿದ, ಲೋಲಕದ ಗಡಿಯಾರವನ್ನು ರೂಪಿಸಿದ ಕ್ರಿಸ್ಟಿಯಾನ್ ಹ್ಯೂಗೆನ್ಸ್ 1659ರಲ್ಲಿ ತನ್ನ ಟಿಪ್ಪಣಿಗಳ ನಡುವೆ, ತನ್ನ ತಲೆಯನ್ನು ತಾನೇ ಕಳಚಿ ಮತ್ತೆ ಇಟ್ಟುಕೊಳ್ಳುವ ಅಸ್ಥಿಪಂಜರವೊಂದರ ಚಿತ್ರಗಳನ್ನು ಬರೆದಿಟ್ಟಿದ್ದಾನೆ. ಅವು ಗಾಜಿನ ಮೇಲೆ ಬರೆದು ಮಸೂರದ ಮೂಲಕ ಗೋಡೆಗೆ ಬಿಡಬೇಕಾದ ಚಿತ್ರಗಳು. ಮುಂದೆ ‘ಮ್ಯಾಜಿಕ್ ಲ್ಯಾಂಟರ್ನ್’ ಎಂದು ಹೆಸರಾದ ಮಾಯಾದೀಪದ ಮೊದಲ ಗುರುತು ಇದೇ. ಹ್ಯೂಗೆನ್ಸನಿಗೆ ಮಾತ್ರ ಈ ಆಟಿಕೆಯ ಬಗ್ಗೆ ನಾಚಿಕೆ. 1662ರಲ್ಲಿ ಅವನ ತಂದೆ ಇಂಥದೊಂದು ದೀಪವನ್ನು ಫ್ರಾನ್ಸಿನ ಅರಮನೆಯಲ್ಲಿ ತೋರಿಸಲೆಂದು ಕೇಳಿದಾಗ, ಮನೆತನದ ಮಾನ ಹೋದೀತೆಂದು ಅಂಜಿದ ಮಗ, ಒಂದು ಮಸೂರವನ್ನು ತೆಗೆದುಬಿಟ್ಟು ಅದು ಕೆಲಸ ಮಾಡದಂತೆ ಮಾಡುವ ಉಪಾಯವನ್ನು ತಮ್ಮನಿಗೆ ಪತ್ರದಲ್ಲಿ ಸೂಚಿಸಿದ. ವಿಜ್ಞಾನಿ ಕೈಬಿಟ್ಟದ್ದನ್ನು ಊರೂರು ತಿರುಗುವ ಆಟಗಾರರು ಕೈಗೆತ್ತಿಕೊಂಡರು. ಅವರ ದೀಪದಲ್ಲಿ ಉರಿಯುತ್ತಿದ್ದದ್ದು ಎಣ್ಣೆಯ ಬತ್ತಿ. ಅದರ ಬಲ ಇಷ್ಟೇ ಆದ್ದರಿಂದ ಚಿತ್ರವೂ ಚಿಕ್ಕದು, ನೋಡುವವರೂ ಬೆರಳೆಣಿಕೆಯಷ್ಟು ಮಂದಿ.

ಪ್ರೊಜೆಕ್ಟರನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನೇ ಕಲೆಯನ್ನಾಗಿಸಿದವನು ಲಿಯೇಜ್ ನಗರದಿಂದ ಬಂದ ಎತಿಯೆನ್ ಗಾಸ್ಪಾರ್ ರೊಬೆರ್. ‘ರಾಬರ್ಟ್‌ಸನ್’ ಎಂಬ ಇಂಗ್ಲಿಷ್ ಛಾಯೆಯ ಹೆಸರನ್ನು ಇಟ್ಟುಕೊಂಡು ಅವನು 1798ರಲ್ಲಿ ಪ್ಯಾರಿಸ್ಸಿನಲ್ಲಿ ‘ಫ್ಯಾಂಟಾಸ್ಮಗೋರಿ’ ಎಂಬ ಪ್ರೇತದರ್ಶನದ ಆಟವನ್ನು ಆರಂಭಿಸಿದ. ಮರುವರ್ಷ ಅದನ್ನು ಕಪುಚಿನ್ ಸಂನ್ಯಾಸಿನಿಯರ ಪಾಳುಬಿದ್ದ ಮಠಕ್ಕೆ ಒಯ್ದ. ಮಹಾಕ್ರಾಂತಿಯ ನೆತ್ತರು ಇನ್ನೂ ಆರದ ಕಾಲ. ಸತ್ತವರನ್ನು ಮತ್ತೆ ಕಾಣುವ ಆಸೆಯೂ ಭಯವೂ ಜನರಲ್ಲಿ ಸಮನಾಗಿದ್ದವು. ಅಂಥವರನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿ, ಇದ್ದ ಒಂದು ದೀಪವನ್ನೂ ಆರಿಸಿ, ಅವರ ಮುಂದೆ ಪ್ರೇತವನ್ನು ಹುಟ್ಟಿಸುತ್ತಿದ್ದ. ಅದು ಮೊದಲು ಬೆಳಕಿನ ಚುಕ್ಕೆಯಂತೆ ಕಾಣಿಸಿಕೊಂಡು, ಬೆಳೆಯುತ್ತ ಬೆಳೆಯುತ್ತ ನೋಡುವವರ ಮೈಮೇಲೆ ಬೀಳುವಂತೆ ನುಗ್ಗುತ್ತಿತ್ತು.

ಇದರ ಒಳಗುಟ್ಟು ಅತ್ಯಂತ ಸರಳ. ಪರದೆ ಮೇಣ ಸವರಿದ ತೆಳುಬಟ್ಟೆ. ದೀಪ ಇರುತ್ತಿದ್ದುದು ಜನರ ಬೆನ್ನ ಹಿಂದೆಯಲ್ಲ, ಪರದೆಯ ಆಚೆಗೆ. ಗಾಲಿಗಳ ಮೇಲೆ ನಿಲ್ಲಿಸಿದ ಆ ದೀಪವನ್ನು ಸದ್ದಾಗದಂತೆ ಪರದೆಯಿಂದ ಹಿಂದಕ್ಕೆ ಸರಿಸಿದರೆ ಚಿತ್ರ ಹಿಗ್ಗುತ್ತದೆ. ಕಡುಗತ್ತಲೆಯಲ್ಲಿ ಪರದೆಯ ಅಂಚು ಕಾಣದು, ಗೋಡೆ ಕಾಣದು. ಹಿಗ್ಗುವ ಆಕೃತಿಯನ್ನು ಯಾವುದಕ್ಕೂ ಹೋಲಿಸಿ ನೋಡಲಾಗದ ಕಣ್ಣು ‘ಇದು ದೊಡ್ಡದಾಗುತ್ತಿದೆ’ ಎಂದುಕೊಳ್ಳುವುದಿಲ್ಲ. ‘ಹತ್ತಿರ ಬರುತ್ತಿದೆ’ ಎಂದೇ ನಂಬುತ್ತದೆ. ದೀಪ ದೂರ ಹೋದಷ್ಟೂ ದೆವ್ವ ಹತ್ತಿರ ಬರುತ್ತದೆ!

ಆದರೆ ಮೇಲೆ ಹೇಳಿದ ಗಂಟು ಇಲ್ಲಿ ಅಡ್ಡ ಬರುತ್ತದೆ. ದೀಪ ಸರಿದಂತೆಲ್ಲ ಮಸೂರವನ್ನೂ ಅದೇ ಕ್ಷಣದಲ್ಲಿ ಹೊಂದಿಸಬೇಕು. ಇಲ್ಲವಾದರೆ ದೆವ್ವ ಬರಿಯ ಮಬ್ಬು. ಅಲ್ಲದೆ ಹತ್ತಿರ ಬರುವ ವಸ್ತು ಮಂಕಾಗುವುದು ಲೋಕದಲ್ಲಿ ಎಲ್ಲಿಯೂ ಇಲ್ಲ. ಇಲ್ಲಿಯೋ, ಹಿಗ್ಗಿದಷ್ಟೂ ಚಿತ್ರ ಮಂಕಾಗುತ್ತದೆ, ಕುಗ್ಗಿದಷ್ಟೂ ಹೊಳೆಯುತ್ತದೆ. ಆದ್ದರಿಂದ ಚಿತ್ರ ಚಿಕ್ಕದಾಗಿರುವಾಗ ಬೆಳಕನ್ನು ತಡೆದು, ದೊಡ್ಡದಾಗುವಾಗ ಬಿಡುವ ರೆಪ್ಪೆಯೊಂದು ಮಸೂರದ ಮುಂದೆ ಬೇಕಾಯಿತು. ನಡೆಯುವುದು, ಹಲ್ಲುಗಾಲಿಯನ್ನು ತಿರುಗಿಸುವುದು, ರೆಪ್ಪೆಯನ್ನು ತೆರೆಯುವುದು ಇವು ಮೂರೂ ಒಬ್ಬನ ಎರಡು ಕೈ ಎರಡು ಕಾಲುಗಳಲ್ಲಿ ಏಕಕಾಲಕ್ಕೆ ನಡೆಯಬೇಕು. ಬೆಳಕಿನ ಅಲೆಸ್ವಭಾವವನ್ನು ತೋರಿಸಿದ ಥಾಮಸ್ ಯಂಗನಂಥ ಮಹಾಮೇಧಾವಿಯೇ ತನ್ನ 1807ರ ಉಪನ್ಯಾಸಗಳ ಸಂಪುಟದಲ್ಲಿ, ಗಾಡಿ ಸರಿದಂತೆ ಮಸೂರವೂ ರೆಪ್ಪೆಯೂ ತಾವಾಗಿಯೇ ಹೊಂದಿಕೊಳ್ಳುವ ಸರಳುಗಳ ಜೋಡಣೆಯೊಂದನ್ನು ವಿವರಿಸಿದ್ದಾನೆ. ಇಂದಿನ ಪ್ರೊಜೆಕ್ಟರು ತಾನಾಗಿಯೇ ಫೋಕಸ್ ಮಾಡಿಕೊಳ್ಳುವುದನ್ನು ಕಂಡು ಬೆರಗಾಗುವವರು ಈ ಪುಟಗಳನ್ನೊಮ್ಮೆ ನೋಡಬೇಕು.

ಮಾಯಾದೀಪ ಭಾರತದಲ್ಲಿಯೂ ನೆಲೆಯೂರಿತು. ಮುಂಬಯಿಯ ನಮ್ಮ ಓದುಗರು ಲೋಕಲ್ ರೈಲಿನಲ್ಲಿ ದಿನವೂ ಹಾದುಹೋಗುವ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನರು 1892ರ ಹೊತ್ತಿಗೆ ‘ಶಾಂಬರಿಕ ಖರೋಲಿಕಾ’ ಎಂಬ ಹೆಸರಿನಲ್ಲಿ ಪ್ರದರ್ಶನಗಳನ್ನು ಆರಂಭಿಸಿದರು. ಮಾಯಾವಿಯಾದ ಶಂಬರಾಸುರನನ್ನು ನೆನಪಿಸುವ ಈ ಹೆಸರು ‘ಮ್ಯಾಜಿಕ್ ಲ್ಯಾಂಟರ್ನ್’ ಎಂಬುದಕ್ಕಿಂತ ಎಷ್ಟೋ ಸೊಗಸಾಗಿದೆ. ಗಾಜಿನ ಮೇಲೆ ಕೈಯಿಂದಲೇ ಬರೆದ ಪುರಾಣದ ಚಿತ್ರಗಳನ್ನು ಒಂದಕ್ಕಿಂತ ಹೆಚ್ಚು ದೀಪಗಳಿಂದ ಒಂದೇ ಪರದೆಗೆ ಬಿಟ್ಟು, ಅವುಗಳಿಗೆ ಚಲನೆಯ ಭ್ರಮೆಯನ್ನು ಕೊಡುತ್ತಿದ್ದರು. ಎರಡು ದೀಪಗಳ ಚಿತ್ರ ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಕೂರಬೇಕಾದರೆ ಎರಡರ ದೂರವೂ ಸಮನಾಗಿರಬೇಕು. ಮನೆಯ ಅಂಗಳ, ದೇವಸ್ಥಾನದ ಪ್ರಾಕಾರ, ನಾಟಕದ ಮಂಟಪ ಎಂದು ಜಾಗ ಬದಲಾದಾಗಲೆಲ್ಲ ಈ ಅಳತೆಯನ್ನು ಹೊಸದಾಗಿ ಹಿಡಿಯಬೇಕಾಗಿದ್ದ ಶ್ರಮವನ್ನು ನಾವು ಊಹಿಸಿಕೊಳ್ಳಬಹುದು.

ನಾಲ್ಕು ವರ್ಷಗಳ ಬಳಿಕ, 1896ರ ಜುಲೈ 7ರಂದು, ಅದೇ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಸಿನೆಮಾಟೋಗ್ರಾಫ್ ಬಂದಿಳಿಯಿತು. ಪ್ರವೇಶಕ್ಕೆ ಒಂದು ರೂಪಾಯಿ. ಆಗಲೂ ಯಂತ್ರ ಪ್ರೇಕ್ಷಕರಿದ್ದ ಕೋಣೆಯಲ್ಲಿಯೇ ಒಂದು ಪೀಠದ ಮೇಲೆ ನಿಂತಿರುತ್ತಿತ್ತು, ಬೇಕೆಂದಾಗ ಸರಿಸಬಹುದಾಗಿತ್ತು. ಇದೇ ಸಹೋದರರು 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ 21 ಮೀಟರ್ ಅಗಲದ ಪರದೆಯನ್ನು ಕಟ್ಟಿಸಿ, ಎರಡೂ ಕಡೆಯಿಂದ ಚಿತ್ರ ಕಾಣಲೆಂದು ಅದನ್ನು ನೀರಿನಲ್ಲಿ ತೋಯಿಸುತ್ತಿದ್ದರು.

ಯಂತ್ರವನ್ನು ಸರಿಸುವ ಸ್ವಾತಂತ್ರ್ಯವನ್ನು ಕಸಿದದ್ದು ಬೆಂಕಿ. 1897ರ ಮೇ 4ರಂದು ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದರಲ್ಲಿ ಪ್ರೊಜೆಕ್ಟರಿನ ದೀಪಕ್ಕೆ ಈಥರ್ ತುಂಬುವಾಗ ಹೊತ್ತಿಕೊಂಡ ಕಿಡಿ 120ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಕಾಲದ ನೈಟ್ರೇಟ್ ಫಿಲ್ಮಂತೂ ಸಿಡಿಮದ್ದಿನ ಸೋದರಸಂಬಂಧಿ. ಬ್ರಿಟನ್ನಿನಲ್ಲಿ 1909ರಲ್ಲಿ, ಭಾರತದಲ್ಲಿ 1918ರಲ್ಲಿ ಸಿನೆಮಾಟೋಗ್ರಾಫ್ ಕಾಯಿದೆಗಳು ಬಂದವು. ಪ್ರೊಜೆಕ್ಟರು ಬೆಂಕಿ ತಾಗದ ಗೋಡೆಗಳ ಕ್ಯಾಬಿನ್ನಿನೊಳಕ್ಕೆ ಹೋಯಿತು. ಅದರ ಮೂತಿಗೆ ಒಂದು ಕಿಂಡಿ ಮಾತ್ರ ಉಳಿಯಿತು. ಎಲ್ಲಿಡಬೇಕೆಂಬುದನ್ನು ಅಂದಿನಿಂದ ನಿರ್ಧರಿಸಿದವನು ಆಟಗಾರನಲ್ಲ, ಗಾರೆಯವನು.

ದೂರ ಬದಲಾಗದು ಎಂದಮೇಲೆ ಗಾತ್ರವನ್ನು ಹೊಂದಿಸಲು ಉಳಿದದ್ದು ಮಸೂರವೊಂದೇ. ಲೆಕ್ಕ ಶಾಲೆಯ ತ್ರೈರಾಶಿಯಷ್ಟೇ ಸುಲಭ: ಫಿಲ್ಮಿನ ಚೌಕಟ್ಟಿನ ಅಗಲವನ್ನು ಪರದೆಯ ದೂರದಿಂದ ಗುಣಿಸಿ, ಮಸೂರದ ಸಂಗಮ ದೂರದಿಂದ ಭಾಗಿಸಿದರೆ ಚಿತ್ರದ ಅಗಲ ಬರುತ್ತದೆ. 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟು ಸುಮಾರು 21 ಮಿ.ಮೀ. ಕ್ಯಾಬಿನ್ನಿನಿಂದ ಪರದೆಗೆ 30 ಮೀಟರ್ ಇದ್ದು 100 ಮಿ.ಮೀ. ಮಸೂರವನ್ನು ಹಾಕಿದರೆ 6.3 ಮೀಟರ್ ಅಗಲದ ಚಿತ್ರ ದೊರೆಯುತ್ತದೆ. ನಮ್ಮ ನಾಡಿನ ಟೂರಿಂಗ್ ಟಾಕೀಸುಗಳು ಊರಿಂದೂರಿಗೆ ಅಲೆದರೂ ಡೇರೆಯ ಅಳತೆ ಅದೇ ಆಗಿದ್ದರೆ ಮಸೂರವನ್ನು ಬದಲಿಸಬೇಕಾಗಿರಲಿಲ್ಲ. ಡೇರೆಯೆಂದರೆ ಹೊತ್ತು ತಿರುಗಬಹುದಾದ ದೂರ. ಅಲ್ಲಿ ನೆಲ, ಬೆಂಚು, ಕುರ್ಚಿ ಎಂಬ ತರಗತಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕಾಸು ಕೊಟ್ಟವನಿಗೆ ಎಲ್ಲಕ್ಕಿಂತ ದೊಡ್ಡ ಚಿತ್ರ ಕಾಣಿಸುತ್ತಿತ್ತು ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಕಟ್ಟಡದ ತಪ್ಪುಗಳನ್ನು ತಿದ್ದುವ ಹೊಣೆ ಮಾತ್ರ ಆಪರೇಟರನ ಮೇಲೆಯೇ ಬಿತ್ತು. ಬಾಲ್ಕನಿಯ ಮೇಲೆ ಎತ್ತರದಲ್ಲಿರುವ ಕ್ಯಾಬಿನ್ನಿನಿಂದ ಬೆಳಕು ಓರೆಯಾಗಿ ಇಳಿಯುವುದರಿಂದ ಚಿತ್ರದ ಬುಡ ಅಗಲವಾಗಿ ತುದಿ ಕಿರಿದಾಗುತ್ತದೆ. ಫಿಲ್ಮಿನ ಹಿಂದಿರುವ ಲೋಹದ ಚೌಕಟ್ಟನ್ನು ಅರದಿಂದ ತುಸುತುಸುವೇ ಉಜ್ಜಿ, ಆ ಓರೆ ಪರದೆಯ ಕಪ್ಪು ಅಂಚಿನಲ್ಲಿ ಮರೆಯಾಗುವಂತೆ ಮಾಡುವುದು ಅವನ ಕೈಚಳಕ. ಒಂದು ಚಿತ್ರಮಂದಿರಕ್ಕೆಂದು ಹಾಗೆ ಉಜ್ಜಿದ ಚೌಕಟ್ಟು ಇನ್ನೊಂದಕ್ಕೆ ಒದಗುವಂತಿಲ್ಲ. 1953ರಲ್ಲಿ ಸಿನೆಮಾಸ್ಕೋಪ್ ಬಂದು, ಚಿತ್ರವನ್ನು ಅಡ್ಡಕ್ಕೆ ಎರಡು ಪಟ್ಟು ಹಿಗ್ಗಿಸುವ ಮಸೂರವನ್ನು ತಂದಾಗ ಹಳೆಯ ಕಟ್ಟಡಗಳ ಗೋಡೆಗಳು ಮತ್ತೆ ಅಡ್ಡ ಬಂದವು. ಅಗಲಿಸಲು ಜಾಗವಿಲ್ಲದ ಕಡೆ ಎತ್ತರವನ್ನೇ ತಗ್ಗಿಸಲಾಯಿತು. ಅಲ್ಲೆಲ್ಲ ‘ದೊಡ್ಡ ಪರದೆ’ಯ ಹೆಸರಿನಲ್ಲಿ ಜನ ನೋಡಿದ್ದು ತೆಳುವಾದ ಪಟ್ಟಿಯನ್ನು.

1987ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ, ಲಕ್ಷಾಂತರ ಸೂಕ್ಷ್ಮ ಕನ್ನಡಿಗಳನ್ನು ಹೊರಬಲ್ಲ ಚಿಪ್ ಪ್ರೊಜೆಕ್ಟರನ್ನು ಕಂಕುಳಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದಾಗಿಸಿತು. ಅದಕ್ಕೆ ಮುಂಚಿನ, ಕೆಂಪು, ಹಸಿರು, ನೀಲಿ ಎಂಬ ಮೂರು ನಳಿಗೆಗಳ ಪ್ರೊಜೆಕ್ಟರುಗಳನ್ನು ಗೇಣುದ್ದ ಸರಿಸಿದರೂ ಮೂರು ಬಣ್ಣ ಮೂರು ದಿಕ್ಕಿಗೆ ಹೋಗುತ್ತಿತ್ತು. ಅವನ್ನು ಸೂರಿಗೆ ಬಿಗಿದು ಮರೆತುಬಿಡಬೇಕಾಗಿತ್ತು. ಈಗ ಯಂತ್ರ ಮತ್ತೆ ಕ್ಯಾಬಿನ್ನಿನಿಂದ ಹೊರಬಂದು ಜನರ ನಡುವೆ ಮೇಜಿನ ಮೇಲೆ ಕುಳಿತಿದೆ. ರಾಬರ್ಟ್‌ಸನ್ನನ ಸ್ವಾತಂತ್ರ್ಯ ನಮಗೆ ಮರಳಿ ದೊರೆತಿದೆ, ಅವನ ತಲೆನೋವೂ ಕೂಡ.

ಡಿಜಿಟಲ್ ಯಂತ್ರದ ಕೈಪಿಡಿಯಲ್ಲಿ ‘ಥ್ರೋ ರೇಶಿಯೋ’ ಎಂಬ ಸಂಖ್ಯೆಯೊಂದಿರುತ್ತದೆ. ಪರದೆಯ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದು ಅದೇ. ಹಳೆಯ ತ್ರೈರಾಶಿಗೆ ಹೊಸ ಅಂಗಿ. 1.5 ಎಂದಿದ್ದರೆ ಎರಡು ಮೀಟರ್ ಅಗಲದ ಚಿತ್ರಕ್ಕೆ ಮೂರು ಮೀಟರ್ ದೂರ. ಝೂಮ್ ಇದ್ದು 1.5ರಿಂದ 1.8ರವರೆಗೆ ಎಂದಿದ್ದರೆ ಅದೇ ಚಿತ್ರಕ್ಕೆ ಮೂರರಿಂದ 3.6 ಮೀಟರ್. ನಮ್ಮ ಸ್ವಾತಂತ್ರ್ಯವೆಲ್ಲ ಆ 60 ಸೆಂಟಿಮೀಟರಿನೊಳಗೆ. 0.5ರ ‘ಶಾರ್ಟ್ ಥ್ರೋ’ ಯಂತ್ರವಾದರೆ ಪರದೆಯಿಂದ ಒಂದೇ ಮೀಟರಿನಲ್ಲಿ ಕೂರಬೇಕು.

ಆದರೆ ಎರಡು ಮೀಟರ್ ಅಗಲ ಸಾಕೆಂದು ಹೇಳುವವರು ಯಾರು? ಇದಕ್ಕೆ ಉತ್ತರ ಹಿಂದಿನ ಕುರ್ಚಿಯಲ್ಲಿದೆ. ಕೊನೆಯ ಸಾಲು ಚಿತ್ರದ ಅಗಲದ ಆರು ಪಟ್ಟಿಗಿಂತ ದೂರ ಇರಬಾರದು ಎಂಬುದು ಉಪನ್ಯಾಸದ ಕೋಣೆಗಳಿಗೆ ಬಹುಕಾಲದಿಂದ ಬಂದಿರುವ ಅಂದಾಜು. ಆ ಸಾಲು 12 ಮೀಟರಿನಲ್ಲಿದ್ದರೆ ಚಿತ್ರ ಕನಿಷ್ಠ ಎರಡು ಮೀಟರ್ ಅಗಲ ಇರಬೇಕು. ನಮ್ಮ ಕೂಟಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು: ಪ್ಲಗ್ ಪಾಯಿಂಟ್ ಎಲ್ಲಿದೆಯೋ ಅಲ್ಲಿ ಮೇಜು, ಮೇಜು ಎಲ್ಲಿದೆಯೋ ಅಲ್ಲಿ ಪ್ರೊಜೆಕ್ಟರು, ಬಿದ್ದಷ್ಟು ಚಿತ್ರ.

ಚಲನಚಿತ್ರವಾದರೆ ಹೇಗೋ ನಡೆದೀತು. ಅಕ್ಷರಗಳಾದರೆ, ಅದರಲ್ಲಿಯೂ ಕನ್ನಡದ ಅಕ್ಷರಗಳಾದರೆ, ಮಾತು ಬೇರೆ. ನಮ್ಮ ಲಿಪಿಯಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ಸಾಲಿಗೆ ಬೇಕಾದ ಎತ್ತರ ಇಂಗ್ಲಿಷಿಗಿಂತ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಅನೇಕ ಅಲ್ಪಪ್ರಾಣ ಮಹಾಪ್ರಾಣ ಜೋಡಿಗಳ ನಡುವೆ ಇರುವ ವ್ಯತ್ಯಾಸ ಅಕ್ಷರದ ಬುಡದ ಒಂದು ಸೀಳು ಮಾತ್ರ: ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ. ಆರೋಗ್ಯವಂತ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲ ಅತಿ ಚಿಕ್ಕ ವಿವರ 12 ಮೀಟರ್ ದೂರದಲ್ಲಿ ಸುಮಾರು 3.5 ಮಿ.ಮೀ. ಸೀಳು ಅಕ್ಷರದ ಎತ್ತರದ ಹದಿನೈದರಲ್ಲೊಂದು ಎಂದು ಹಿಡಿದರೆ ಅಕ್ಷರ ಐದು ಸೆಂಟಿಮೀಟರಿಗಿಂತ ಎತ್ತರ ಇರಬೇಕು. ಎರಡು ಮೀಟರ್ ಅಗಲದ ಈಗಿನ ಚಿತ್ರದ ಎತ್ತರ 112 ಸೆಂ.ಮೀ.; ಗುಣಿತ ಒತ್ತುಗಳಿಗೆ ಜಾಗ ಬಿಟ್ಟರೆ ಎಂಟು ಸಾಲು ಹಿಡಿಸೀತು. ಹದಿನೈದು ಸಾಲು ತುಂಬಿಸಿದ ಪುಟವನ್ನು ಹಿಂದಿನವರು ಓದುತ್ತಿಲ್ಲ, ಊಹಿಸುತ್ತಿದ್ದಾರೆ.

ಯಂತ್ರವನ್ನು ಓರೆಯಾಗಿಟ್ಟು ‘ಕೀಸ್ಟೋನ್’ ಗುಂಡಿಯಿಂದ ಚಿತ್ರವನ್ನು ನೆಟ್ಟಗೆ ಮಾಡಿಕೊಳ್ಳುವ ಸುಲಭೋಪಾಯವೊಂದಿದೆ. ಅರದಿಂದ ಉಜ್ಜುವ ಆಪರೇಟರ್ ಚೌಕಟ್ಟಿನ ಅಂಚನ್ನು ಮಾತ್ರ ಮುಟ್ಟುತ್ತಿದ್ದ. ಈ ಗುಂಡಿಯೋ ಚಿತ್ರದ ಒಳಗನ್ನೇ ಹಿಂಡಿ, ಬಿಂದುಗಳನ್ನು ಒಂದರೊಳಗೊಂದು ಬೆರೆಸಿಬಿಡುತ್ತದೆ. ಆಗ ಮೊದಲು ಮುಚ್ಚಿಹೋಗುವುದು ತೆಳುವಾದ ಸೀಳುಗಳೇ. ಚೆನ್ನೈ, ಪುಣೆ, ಹೈದರಾಬಾದುಗಳಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಯಲು ಬರುವ ನಮ್ಮ ಮಕ್ಕಳು ಬೀದಿಯ ಫಲಕಗಳಲ್ಲಿಯೂ ಬಸ್ಸಿನ ಹಣೆಯಲ್ಲಿಯೂ ಕನ್ನಡವನ್ನು ಕಾಣುವವರಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಅಂಥ ಮಗುವೊಂದು ‘ಧನ’ವನ್ನು ‘ದನ’ವೆಂದು ಓದಿದರೆ ಉಚ್ಚಾರಣೆಯನ್ನು ತಿದ್ದಲು ಹೊರಡುವ ಮೊದಲು, ಅಳತೆಪಟ್ಟಿಯನ್ನು ಹಿಡಿದು ಆ ಮಗುವಿನ ಕುರ್ಚಿಯಿಂದ ಪರದೆಯವರೆಗೆ ಒಮ್ಮೆ ನಡೆಯಬೇಕು, ಆಮೇಲೆ ಮೇಜಿಗೆ, ಎಲ್ಲಕ್ಕಿಂತ ಕೊನೆಗೆ ಪ್ಲಗ್ ಪಾಯಿಂಟಿಗೆ.